ಸಂಕಮ್ಮನ ಸಾಲು

ಈಚಿನ ವರ್ಷಗಳಲ್ಲಿ ನಮ್ಮ ಭಕ್ತರ ಮನೆಗಳಲ್ಲಿ ಪರದೇಶದ ಧಾರಾವಾಹಿಗಳು ಕೈಯೊಳಗಿನ ದೂರವಾಣಿಯಲ್ಲಿಯೇ ಮೂಡಿ ಬರುತ್ತಿವೆ. ಇಂಗ್ಲೆಂಡು, ಐರ್ಲೆಂಡುಗಳಿಂದ ಬರುವ ರೋಮಾಂಚಕ ಕಿರುಧಾರಾವಾಹಿಗಳಲ್ಲಿ ಒಂದು ಬಗೆಯ ಕಥೆ ಮರಳಿ ಮರಳಿ ಕಾಣುತ್ತದೆ. ಒಬ್ಬ ಹೆಣ್ಣುಮಗಳು ಅಪಾಯದಲ್ಲಿದ್ದಾಳೆ. ಅಪಾಯ ಎಲ್ಲಿಂದ ಬರುತ್ತದೆಂದು ನೋಡುಗರು ಬಾಗಿಲ ಕಡೆಗೆ ಕಣ್ಣಿಟ್ಟು ಕುಳಿತಿರುತ್ತಾರೆ. ಕೊನೆಗೆ ನೋಡಿದರೆ ಅದು ಮೊದಲಿನಿಂದಲೂ ಮನೆಯ ಒಳಗೇ ಇತ್ತು. ಇದನ್ನು ಹೊಸ ಕಾಲದ ಹೊಸ ಕಥೆಯೆಂದು ತಿಳಿದಿರುವ ನಮ್ಮ ಯುವಕ ಯುವತಿಯರಿಗೆ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇದೇ ಕಥೆಯನ್ನು ತಲೆತಲಾಂತರದಿಂದ ಇರುಳಿಡೀ ಹಾಡುತ್ತ ಬಂದಿದ್ದಾರೆಂಬುದನ್ನು ನಿವೇದಿಸಬಯಸುತ್ತೇವೆ.

ಮಲೆಯ ಮಹದೇಶ್ವರಸ್ವಾಮಿಯ ಕಾವ್ಯವನ್ನು ದೇವರಗುಡ್ಡರು ಕಂಸಾಳೆ, ದಂಬೂರಿಗಳೊಡನೆ ಹಾಡುತ್ತಾರೆ. ಸುತ್ತೂರು, ಕುಂತೂರು ಮಠಗಳಲ್ಲಿ ಸೇವೆ ಮಾಡಿ, ಶ್ರವಣನನ್ನು ಸಂಹರಿಸಿ, ಏಳುಮಲೆಯಲ್ಲಿ ನೆಲೆಗೊಂಡ ಜಂಗಮಮೂರ್ತಿಯ ಕಥೆ ಅದು. ಅದರ ಭಾಗಗಳಿಗೆ ‘ಸಾಲು’ ಎಂದು ಹೆಸರು. ಒಂದೊಂದು ಸಾಲೂ ತನ್ನಷ್ಟಕ್ಕೆ ಪೂರ್ಣವಾದ ಕಥೆ. ಧಾರಾವಾಹಿಯ ಕಂತೆಂದರೂ ತಪ್ಪಾಗದು. ಡಾ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಗ್ರಂಥರೂಪಕ್ಕೆ ತಂದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೆಬ್ಬಣಿ ಮಾದಯ್ಯನವರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದರ ಸಂಪಾದಕತ್ವದಲ್ಲಿ ಹೊರತಂದಿತು. 2018ರಲ್ಲಿ ‘ಉಘೇ ಉಘೇ ಮಾದೇಶ್ವರ’ ಎಂಬ ಧಾರಾವಾಹಿ ಕಿರುತೆರೆಗೂ ಬಂದಿತು. ಕಾವ್ಯದ ಸಾಲುಗಳಲ್ಲಿ ಬೇವಿನಹಟ್ಟಿ ಕಾಳಮ್ಮನದು, ಇಕ್ಕೇರಿ ದೇವಮ್ಮನದು ಅಹಂಕಾರ ಮುರಿದ ಕಥೆಗಳು. ಸಂಕಮ್ಮನ ಸಾಲು ಮಾತ್ರ ಬೇರೆಯ ಜಾತಿಯದು.

ಸಂಕಮ್ಮ ಸೋಲಿಗರ ನೀಲಯ್ಯನ ಮಡದಿ, ಮಕ್ಕಳಿಲ್ಲದವಳು. ನೀಲಯ್ಯ ಕಾಡಿಗೆ ಹೊರಡಬೇಕಾಗಿದೆ. ಹೊರಡುವ ಮುನ್ನ, ತಾನು ಮರಳುವವರೆಗೆ ಶೀಲದಿಂದ ಇರುವುದಾಗಿ ಕೈಯ ಮೇಲೆ ಕೈಯಿಟ್ಟು ಭಾಷೆ ಕೊಡೆಂದು ಮಡದಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡಲೊಲ್ಲಳು. ಗಮನಿಸಬೇಕು: ಆಕೆ ತಪ್ಪಿದವಳಲ್ಲ, ತಪ್ಪುವ ಮನಸ್ಸೂ ಆಕೆಗಿಲ್ಲ. ಭಾಷೆ ಕೊಟ್ಟುಬಿಟ್ಟರೆ ಆ ಗಳಿಗೆಗೆ ಹಿಂಸೆ ತಪ್ಪುತ್ತಿತ್ತು. ಆದರೆ ಕೊಟ್ಟ ಕ್ಷಣವೇ ಇಷ್ಟು ದಿನದ ಬಾಳುವೆ ಸಂಶಯಕ್ಕೆ ಒಳಪಟ್ಟದ್ದೆಂದು ಒಪ್ಪಿಕೊಂಡಂತಾಗುತ್ತದೆ. ನೀಲಯ್ಯ ಹೊಡೆಯುತ್ತಾನೆ, ಬಡಿಯುತ್ತಾನೆ, ಮಾಟಮಂತ್ರಗಳಿಂದ ಬಂಧಿಸಿ ನಡುಕಾಡಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುತ್ತಾನೆ. ಈ ಭಾಗವನ್ನು ಒಬ್ಬೊಬ್ಬ ಗುಡ್ಡರು ಒಂದೊಂದು ರೀತಿ ಹಾಡುತ್ತಾರೆ. ಕೆಲವರು ಬೇಗನೆ ದಾಟಿಸುತ್ತಾರೆ, ಕೆಲವರು ಕೇಳುವವರ ಕರುಳು ಕಿವುಚುವಷ್ಟು ಹೊತ್ತು ನಿಲ್ಲಿಸುತ್ತಾರೆ. ನಿಲ್ಲಿಸುವವರ ಹಾಡಿಕೆಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಗೆ ಮಾದಪ್ಪ ಜಂಗಮರೂಪದಿಂದ ಬಂದು ಕಟ್ಟು ಬಿಡಿಸಿ, ಆಕೆಯನ್ನು ಉಳಿಸಿ, ಮಕ್ಕಳ ವರ ಕೊಡುತ್ತಾನೆ. ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. ನೀಲಯ್ಯ ಮರಳಿ ಬಂದು, ಬಸುರಾದ ಮಡದಿಯನ್ನು ಕಂಡು ಮತ್ತೆ ಸಂಶಯಪಡುತ್ತಾನೆ. ಸಂಕಮ್ಮ ಮೈ ನಡುಗಿಸುವ ದಿವ್ಯಪರೀಕ್ಷೆಗಳನ್ನು ಗೆಲ್ಲಬೇಕಾಗುತ್ತದೆ. ಹುಟ್ಟಿದ ಅವಳಿಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಮಾದಪ್ಪನ ಒಕ್ಕಲಿನ ಹಿರಿಯರು.

ಪಾಶ್ಚಾತ್ಯರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ನಾಟಕಕಾರನು 1938ರಲ್ಲಿ ‘ಗ್ಯಾಸ್ ಲೈಟ್’ ಎಂಬ ನಾಟಕ ಬರೆದನು. 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಚಲನಚಿತ್ರವಾಗಿ ಅದು ಲೋಕವಿಖ್ಯಾತವಾಯಿತು. ಗಂಡನು ಹೆಂಡತಿಗೆ ಅವಳ ಬುದ್ಧಿಯ ಮೇಲೆಯೇ ನಂಬಿಕೆ ಹೋಗುವಂತೆ ಮಾಡುವ ಕಥೆ ಅದು. ಐರ್ಲೆಂಡಿನಲ್ಲಿ ಮಾತ್ರ ಇಂಥದು ಕಥೆಯಾಗಿ ಉಳಿಯಲಿಲ್ಲ. 1895ರ ಮಾರ್ಚಿಯಲ್ಲಿ ಟಿಪ್ಪರರಿ ಪ್ರಾಂತದ ಹಳ್ಳಿಯೊಂದರಲ್ಲಿ ಬ್ರಿಜೆಟ್ ಕ್ಲೀರಿ ಎಂಬ ಇಪ್ಪತ್ತಾರರ ಗೃಹಿಣಿ, ಬಟ್ಟೆ ಹೊಲಿದು ಸ್ವಂತ ಸಂಪಾದನೆ ಮಾಡುತ್ತಿದ್ದವಳು, ಜ್ವರದಿಂದ ಮಲಗಿದಳು. ಇವಳು ನನ್ನ ಹೆಂಡತಿಯಲ್ಲ, ಯಕ್ಷಿಣಿಯರು ಅವಳನ್ನೊಯ್ದು ಬದಲಿಗೆ ಇನ್ನೊಬ್ಬಳನ್ನು ಇಟ್ಟಿದ್ದಾರೆಂದು ಗಂಡ ಮೈಕೆಲ್ ಹೇಳತೊಡಗಿದನು. ದೇವರ ಹೆಸರಿನಲ್ಲಿ ತಾನು ಬ್ರಿಜೆಟ್ಟೇ ಹೌದೆಂದು ಮೂರು ಸಲ ಹೇಳಬೇಕೆಂದು ಆಕೆಯನ್ನು ಹಿಡಿದು ಪೀಡಿಸಲಾಯಿತು. ಆಕೆಯ ತಂದೆ, ಸೋದರತ್ತೆ, ಬಂಧುಗಳು ಅಲ್ಲಿಯೇ ಇದ್ದರು. ಹೇಳಿದರೂ ಗಂಡನಿಗೆ ತೃಪ್ತಿಯಾಗಲಿಲ್ಲ. ಆಕೆ ಸುಟ್ಟು ಸತ್ತಳು; ಅದೇ ವರ್ಷ ನ್ಯಾಯಾಲಯವು ಅವನಿಗೆ ಇಪ್ಪತ್ತು ವರ್ಷಗಳ ಶಿಕ್ಷೆ ವಿಧಿಸಿತು.

ಬ್ರಿಜೆಟ್ ಭಾಷೆ ಕೊಟ್ಟಳು, ಸಂಕಮ್ಮ ಕೊಡಲಿಲ್ಲ. ಇಬ್ಬರ ಗತಿಯೂ ಕೇಳಿದವನ ಮನಸ್ಸಿನಲ್ಲಿ ಮೊದಲೇ ತೀರ್ಮಾನವಾಗಿತ್ತು. ಸಂಶಯಗ್ರಸ್ತನಿಗೆ ಉತ್ತರ ಬೇಕಿಲ್ಲ, ಬಾಗುವ ತಲೆ ಬೇಕು. ಇದನ್ನು ಹಾಡಿನ ಒಳಗೇ ಇಟ್ಟ ನಮ್ಮ ಜನಪದರ ವಿವೇಕಕ್ಕೆ ನಾವು ತಲೆಬಾಗುತ್ತೇವೆ. ಆದರೆ ದಿವ್ಯಪರೀಕ್ಷೆಯ ಭಾಗ ಬಂದಾಗ, ಮಾದಪ್ಪನೇ ಉಳಿಸಿ ತಂದವಳು ಮತ್ತೆ ಯಾರಿಗೆ ರುಜುವಾತು ಕೊಡಬೇಕು ಎಂದು ಒಬ್ಬ ಹೆಣ್ಣುಮಗಳು ಕೇಳಿದರೆ, ಹಾಡನ್ನು ಸಮರ್ಥಿಸಲು ನಾವು ಮುಂದಾಗುವುದಿಲ್ಲ. ಆ ಪ್ರಶ್ನೆ ನ್ಯಾಯವಾದುದು. ಪರೀಕ್ಷೆಗೆ ನಿಲ್ಲಬೇಕಾದವನು ನೀಲಯ್ಯ.

ನಮ್ಮವರಲ್ಲಿ ಕೆಲವರು, ಅದು ಬೇಟೆಗಾರನ ಗುಡಿಸಲಿನ ಕಥೆ, ಲಿಂಗವಂತರ ಮನೆಗೆ ಏಕೆ ಅನ್ವಯಿಸಬೇಕು ಎನ್ನುವುದುಂಟು. ಈ ಮಾತು ನಮಗೆ ಸರಿಬೀಳುವುದಿಲ್ಲ. ಸೋಲಿಗರಿಗೂ ಇದು ಅನ್ಯಾಯ. ಹಂಚಿನ ಮನೆಯಾಗಲಿ, ತಾರಸಿಯ ಮನೆಯಾಗಲಿ, ಹೆಂಡತಿ ಯಾರೊಡನೆ ಮಾತನಾಡಿದಳೆಂದು ದೂರವಾಣಿಯನ್ನು ಕಿತ್ತು ನೋಡುವವನು, ತವರಿಗೆ ಹೋಗಿಬಂದುದಕ್ಕೆ ಲೆಕ್ಕ ಕೇಳುವವನು, ಸಿಟ್ಟು ಬಂದಾಗ ಲಿಂಗ ಮುಟ್ಟಿ ಆಣೆ ಮಾಡು ಎನ್ನುವವನು ನೀಲಯ್ಯನೇ. ಇಷ್ಟಲಿಂಗವನ್ನು ಶರಣರು ಹೆಣ್ಣಿನ ಅಂಗೈಗೂ ಕೊಟ್ಟದ್ದು ಆಕೆಯೂ ಪೂಜೆಗೆ ಅಧಿಕಾರಿಣಿಯೆಂದು. ಗಂಡನ ಮುಂದೆ ಜಾಮೀನಾಗಿ ಒಡ್ಡಲಿಕ್ಕಲ್ಲ. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಅಲ್ಲಿ ಲೆಕ್ಕ ಕೇಳಿದವಳು ಹೆಂಡತಿ.

ಇನ್ನೊಂದು ಮಾತು. ಬ್ರಿಜೆಟ್ಟಳ ಮನೆಯಲ್ಲಿ ಬಂಧುಗಳಿದ್ದರು, ಸಂಕಮ್ಮನಿಗೆ ಯಾರೂ ಇರಲಿಲ್ಲ. ನಮ್ಮಲ್ಲಿ ನೊಂದ ಮಗಳು ತವರಿಗೆ ಬಂದರೆ ಹಿರಿಯರು ‘ಹೊಂದಿಕೊಂಡು ಹೋಗು’ ಎಂದು ಬಸ್ಸು ಹತ್ತಿಸಿ ಕಳಿಸುತ್ತಾರೆ. ಮಠಕ್ಕೆ ಬಂದರೂ ಕೆಲವೊಮ್ಮೆ ಇದೇ ಉಪದೇಶ ಸಿಕ್ಕಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವೊಂದೇ ಅಲ್ಲ, ನಿಂದೆ, ಮಾನಸಿಕ ಪೀಡನೆ, ಖರ್ಚಿಗೆ ಕಾಸು ತಡೆಯುವುದು ಇವೂ ಅದರಲ್ಲಿ ಹಿಂಸೆಯೇ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಸಂರಕ್ಷಣಾಧಿಕಾರಿಗೆ ಆಕೆಯೇ ದೂರಬೇಕೆಂದಿಲ್ಲ. ವಿಷಯ ತಿಳಿದ ಯಾರು ಬೇಕಾದರೂ ತಿಳಿಸಬಹುದು, ನೆರೆಮನೆಯವರು ಕೂಡ.

ದೀಪಾವಳಿಗೋ ಶಿವರಾತ್ರಿಗೋ ಬೆಟ್ಟಕ್ಕೆ ಹೊರಡುವವರು, ಮನೆಗೆ ಗುಡ್ಡರನ್ನು ಕರೆಸುವವರು, ಈ ಸಲ ಸಂಕಮ್ಮನ ಸಾಲನ್ನೇ ಹಾಡಲು ಕೇಳಿಕೊಳ್ಳಿರಿ. ಮೊಟಕು ಮಾಡದೆ ಹಾಡಲು ಹೇಳಿರಿ. ಗಂಡಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ.