ಅಳುವ ತಾಯಿಯ ಬೆಟ್ಟ

ಫ್ರಾನ್ಸಿನ ಆಲ್ಪ್ಸ್ ಸೀಮೆಯಲ್ಲಿರುವ ಗ್ರೆನೋಬ್ಲ್ ಪಟ್ಟಣದಿಂದ ದಕ್ಷಿಣಾಭಿಮುಖವಾಗಿ ಹೊರಟ ರಸ್ತೆಯು, 60 ಕಿಲೋಮೀಟರಿಗೆ ತುಸು ಹೆಚ್ಚಿನ ದೂರವನ್ನು ಕ್ರಮಿಸಿದ ಮೇಲೆ, ಕೋರ್ ಎಂಬ ಚಿಕ್ಕ ಊರನ್ನು ಮುಟ್ಟುತ್ತದೆ. ಎಲ್ಬಾ ದ್ವೀಪದಿಂದ ಪಾರಾಗಿ ಪ್ಯಾರಿಸಿನತ್ತ ಧಾವಿಸುತ್ತಿದ್ದ ನೆಪೋಲಿಯನ್ನನು 1815ರ ಮಾರ್ಚ್ ತಿಂಗಳಲ್ಲಿ ಒಂದು ರಾತ್ರಿಯನ್ನು ಕಳೆದದ್ದು ಇದೇ ಊರಿನಲ್ಲಿ. ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ದೊಡ್ಡ ವಿಷಯವಿರಬಹುದು. ಆದರೆ ಜಪಸರವನ್ನು ಹಿಡಿದು ಇಲ್ಲಿ ಬಂದಿಳಿಯುವ ಯಾತ್ರಿಕರಿಗೆ ಚಕ್ರವರ್ತಿಯ ಗೊಡವೆಯಿಲ್ಲ. ಅವರ ದೃಷ್ಟಿಯೆಲ್ಲ ಮೇಲಿನ ಬೆಟ್ಟದ ಕಡೆಗೆ. ಇಲ್ಲಿಂದ ಇನ್ನೂ 15 ಕಿಲೋಮೀಟರ್ ಏರಿದರೆ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ, ಲಾ ಸಲೆಟ್ ಮಾತೆಯ ಪುಣ್ಯಕ್ಷೇತ್ರವಿದೆ.

ದಾರಿಯು ಸುತ್ತಿ ಸುತ್ತಿ ಏರುತ್ತದೆ. ಕೆಳಗೆ ಹೊಲಗಳೂ ಹಳ್ಳಿಗಳೂ ಹಿಂದೆ ಬೀಳುತ್ತವೆ; ಬಳಿಕ ಮರಗಳೂ ವಿರಳವಾಗಿ, ಕೊನೆಗೆ ಉಳಿಯುವುದು ಹುಲ್ಲು, ಬಂಡೆ ಮತ್ತು ಆಕಾಶ. ಚಳಿಗಾಲದಲ್ಲಿ ಇವೆಲ್ಲವನ್ನೂ ಹಿಮವು ಮುಚ್ಚಿಬಿಡುತ್ತದೆ. ಕಟ್ಟಕಡೆಯ ತಿರುವಿನಲ್ಲಿ ಎರಡು ಗೋಪುರಗಳ ದೊಡ್ಡ ದೇವಾಲಯವೂ, ಅದಕ್ಕೆ ಸೇರಿದಂತೆ ಯಾತ್ರಿಕರ ವಸತಿಗೃಹವೂ ಕಾಣಿಸಿಕೊಳ್ಳುತ್ತವೆ. ಸುತ್ತ ಊರೆಂಬುದಿಲ್ಲ. ಇಷ್ಟು ಎತ್ತರಕ್ಕೆ ಕಲ್ಲುಮಣ್ಣುಗಳನ್ನು ಹೊತ್ತು ತಂದು ಕಟ್ಟಿದವರ ಛಲವನ್ನು ಮೆಚ್ಚಬೇಕು. 1852ರಲ್ಲಿ ಅಡಿಗಲ್ಲು ಬಿದ್ದ ಈ ಕಟ್ಟಡವು ಪೂರ್ಣಗೊಂಡದ್ದು 1865ರಲ್ಲಿ.

ಆದರೆ ಬಂದವರ ಕಾಲು ತಾನಾಗಿಯೇ ಎಳೆಯುವುದು ದೇವಾಲಯದ ಪಕ್ಕದ ತಗ್ಗಿನೆಡೆಗೆ. ಅಲ್ಲಿ ಕಂಚಿನ ಪ್ರತಿಮೆಗಳಿವೆ. ಮೊದಲನೆಯದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಕಿರೀಟ ಧರಿಸಿ, ಕೈ ಚಾಚಿ ಹರಸುವ ಮಾತೆಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ಕಾಣುವುದು, ಹಳ್ಳಿಯ ಹೆಂಗಸಿನಂತೆ ಮುಂದೆ ಅಡಿಗೆಯ ಬಟ್ಟೆಯನ್ನು ಕಟ್ಟಿಕೊಂಡು, ಕಲ್ಲಿನ ಮೇಲೆ ಕುಳಿತು, ಮೊಣಕಾಲಿಗೆ ಮೊಣಕೈಯೂರಿ, ಎರಡೂ ಕೈಗಳಲ್ಲಿ ಮುಖವನ್ನು ಮುಚ್ಚಿಕೊಂಡು ಅಳುತ್ತಿರುವ ಸ್ತ್ರೀ. ಮನೆಯಲ್ಲಿ ಯಾವುದೋ ಕೆಟ್ಟ ಸುದ್ದಿಯನ್ನು ಕೇಳಿ ಹಿತ್ತಿಲಿಗೆ ಬಂದು ಕುಳಿತವಳಂತೆ ಆಕೆ ತೋರುತ್ತಾಳೆ.

1846ರ ಸೆಪ್ಟೆಂಬರ್ 19, ಶನಿವಾರ. ಈ ಹುಲ್ಲುಗಾವಲಿನಲ್ಲಿ ಇಬ್ಬರು ಮಕ್ಕಳು ದನ ಮೇಯಿಸುತ್ತಿದ್ದರು. ಮೆಲಾನಿ ಕಾಲ್ವಾ ಎಂಬ ಹುಡುಗಿಗೆ 14 ವರ್ಷ. ಚಿಕ್ಕಂದಿನಿಂದಲೂ ಪರರ ಮನೆಯ ಕೂಲಿ ಅವಳ ಪಾಲಿಗೆ ಬಂದಿತ್ತು. ಮಾಕ್ಸಿಮೆ ಜಿರೋ ಎಂಬ ಹುಡುಗನಿಗೆ 11. ಕಾಯಿಲೆ ಬಿದ್ದ ದನಗಾಹಿಯೊಬ್ಬನ ಬದಲಿಗೆ ಕೆಲವು ದಿನಗಳ ಮಟ್ಟಿಗೆ ಬಂದವನು. ಇಬ್ಬರೂ ಕೋರ್ ಊರಿನವರೇ ಆದರೂ ಒಬ್ಬರಿಗೊಬ್ಬರು ಪರಿಚಯವಾದದ್ದು ಆಗಷ್ಟೆ. ಓದುಬರಹ ಇಬ್ಬರಿಗೂ ಇಲ್ಲ. ಬುತ್ತಿಯನ್ನು ಉಂಡು, ಬಿಸಿಲಿಗೆ ನಿದ್ರೆಹೋಗಿ, ಎಚ್ಚರಾದಾಗ ದನಗಳು ಕಾಣದೆ ಗಾಬರಿಯಿಂದ ಹುಡುಕಿ ಬಂದ ಮಕ್ಕಳಿಗೆ ತಗ್ಗಿನಲ್ಲಿ ಬೆಳಕಿನ ಮುದ್ದೆಯೊಂದು ಕಂಡಿತಂತೆ. ಆ ಬೆಳಕಿನೊಳಗೆ ಅಳುತ್ತ ಕುಳಿತ ಈ ಸ್ತ್ರೀ.

ಹೆದರಬೇಡಿರೆಂದು ಹತ್ತಿರ ಕರೆದು, ಆಕೆ ಮಕ್ಕಳೊಡನೆ ಮಾತನಾಡಿದಳು. ಭಾನುವಾರದ ವಿಶ್ರಾಂತಿಯನ್ನು ಜನ ಮರೆತರೆಂದೂ, ಗಾಡಿ ಹೊಡೆಯುವವರು ತನ್ನ ಮಗನ ಹೆಸರನ್ನು ಎಳೆದು ಬೈಯುತ್ತಾರೆಂದೂ ಆಕೆಯ ದುಃಖ. ಆಮೇಲೆ ಆಲೂಗಡ್ಡೆಯ ಬೆಳೆ ಹಾಳಾದ ವಿಷಯವನ್ನೆತ್ತಿದಳು. ಇಲ್ಲೊಂದು ಸ್ವಾರಸ್ಯವಿದೆ. ಆಕೆ ಆಡುತ್ತಿದ್ದುದು ಪೇಟೆಯ ಫ್ರೆಂಚ್ ಭಾಷೆ. ಅದರಲ್ಲಿ ಆಲೂಗಡ್ಡೆಗೆ ಇರುವ ಹೆಸರು ಬೆಟ್ಟದ ಹುಡುಗಿಗೆ ತಿಳಿಯಲಿಲ್ಲ. ಅವರ ಆಡುನುಡಿಯಲ್ಲಿ ಅದಕ್ಕೆ ಬೇರೆಯೇ ಹೆಸರು. ಮೆಲಾನಿಯು ಕಣ್ಣರಳಿಸಿ ಹುಡುಗನ ಕಡೆಗೆ ತಿರುಗಿದಳು. ಇದನ್ನು ಗಮನಿಸಿದ ಆ ತಾಯಿ, ನಿಮಗೆ ಅರ್ಥವಾಗುತ್ತಿಲ್ಲವೇ, ಬೇರೆ ರೀತಿಯಲ್ಲಿ ಹೇಳುತ್ತೇನೆ ಎಂದು, ಅಲ್ಲಿಂದ ಮುಂದೆ ಅವರ ಹಳ್ಳಿಯ ನುಡಿಯಲ್ಲಿಯೇ ಮಾತನಾಡಿದಳಂತೆ. ಅದೇ ಗಡ್ಡೆಗೆ ಮೈಸೂರಿನ ಕಡೆ ಒಂದು, ಮಂಗಳೂರು ಧಾರವಾಡಗಳ ಕಡೆ ಇನ್ನೊಂದು ಹೆಸರಿರುವುದನ್ನು ಬಲ್ಲ ಕನ್ನಡಿಗರಿಗೆ ಹುಡುಗಿಯ ಪೇಚಾಟವು ಸುಲಭವಾಗಿ ಅರ್ಥವಾದೀತು.

ಸಂದೇಹವಾದಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಆಲೂಗಡ್ಡೆಯ ರೋಗವು 1845ರಿಂದಲೇ ಯೂರೋಪಿನಲ್ಲಿ ಹಬ್ಬಿ, ಐರ್ಲೆಂಡಿನಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳಲು ಮೊದಲಾಗಿತ್ತು. ಅದನ್ನು ಹೇಳಲು ಸ್ವರ್ಗದಿಂದ ಯಾರೂ ಇಳಿದು ಬರಬೇಕಾಗಿಲ್ಲ ಎಂಬುದು ಅವರ ವಾದ. ವಾದವು ಸರಿಯೇ. ಆದರೆ ಅದಕ್ಕೆ ದಕ್ಕದ ಮಾತೊಂದು ಆ ಸಂಭಾಷಣೆಯಲ್ಲಿದೆ.

ಕೆಟ್ಟುಹೋದ ಗೋಧಿಯನ್ನು ನೋಡಿದ್ದೀರಾ ಎಂದು ಆಕೆ ಕೇಳಿದಳು. ಇಲ್ಲವೆಂದರು ಮಕ್ಕಳು. ಆಗ ಆಕೆಯು ಹುಡುಗನಿಗೆ ಜ್ಞಾಪಿಸಿದಳು: ಒಂದು ದಿನ ಅವನು ತಂದೆಯ ಜೊತೆಯಲ್ಲಿ ಕ್ವೆನ್ ಎಂಬಲ್ಲಿಯ ಹೊಲಕ್ಕೆ ಹೋಗಿದ್ದನು. ಹೊಲದ ಒಡೆಯನು ಗೋಧಿಯ ತೆನೆಗಳನ್ನು ತೋರಿಸಿದನು. ಅಂಗೈಯಲ್ಲಿ ಉಜ್ಜಿದರೆ ಎಲ್ಲ ಬರಿಯ ಧೂಳು. ಮನೆಗೆ ಮರಳುವಾಗ, ಕೋರ್ ಇನ್ನೂ ಅರ್ಧ ಗಂಟೆಯ ದಾರಿಯಿರುವಂತೆ, ತಂದೆಯು ಮಗನಿಗೆ ಒಂದು ತುಂಡು ರೊಟ್ಟಿಯನ್ನು ಕೊಟ್ಟು, ಈ ವರ್ಷವಾದರೂ ತಿನ್ನು ಮಗು, ಗೋಧಿ ಹೀಗೆಯೇ ಆದರೆ ಬರುವ ವರ್ಷ ತಿನ್ನುವವರು ಯಾರೋ ಎಂದಿದ್ದನು. ಹೌದು, ಈಗ ನೆನಪಾಯಿತು ಎಂದನು ಮಾಕ್ಸಿಮೆ.

ತಂದೆಯು ಗಾಡಿಯ ಚಕ್ರಗಳನ್ನು ಮಾಡುವ ಕಸುಬಿನವನು. ದೇವಾಲಯಕ್ಕಿಂತ ಹೆಂಡದಂಗಡಿಯ ದಾರಿಯನ್ನು ಚೆನ್ನಾಗಿ ಬಲ್ಲವನು. ಮಗನ ಕಥೆಯನ್ನು ಕೇಳಿ ಮೊದಲು ನಕ್ಕು, ಬಳಿಕ ಗದರಿಸಿದನು. ಆದರೆ ರೊಟ್ಟಿಯ ಮಾತು ಬಂದೊಡನೆ ಅವನ ಬಾಯಿ ಕಟ್ಟಿಹೋಯಿತು. ತಾನು ಸಂಕಟದಲ್ಲಿ ಆಡಿ ಮರೆತ ಮಾತನ್ನು ಯಾರೋ ಕೇಳಿಸಿಕೊಂಡಿದ್ದರು! ಅವನು ಬೆಟ್ಟವನ್ನೇರಿದನು, 1849ರಲ್ಲಿ ಸಾಯುವವರೆಗೂ ಶ್ರದ್ಧೆಯಿಂದ ನಡೆದುಕೊಂಡನು. ಹುಡುಗನು ತನಗೇ ತಿಳಿಯದಂತೆ ನೆನಪಿನಿಂದ ಅದನ್ನು ಎತ್ತಿ ಹೇಳಿರಬಹುದೆಂದು ವಾದಿಸುವವರುಂಟು. ವಾದಿಸಲಿ. ಗ್ರೆನೋಬ್ಲಿನ ಧರ್ಮಾಧ್ಯಕ್ಷರಾದ ಬ್ರುಯಾರ್ ಅವರು ದುಡುಕದೆ, ಐದು ವರ್ಷಗಳ ವಿಚಾರಣೆಯ ತರುವಾಯ, 1851ರಲ್ಲಿ ದರ್ಶನವು ನಂಬಲರ್ಹವೆಂದು ಸಾರಿದರು. ಇಂತಹುದನ್ನು ನಂಬಲೇಬೇಕೆಂದು ಕೆಥೋಲಿಕ ಧರ್ಮಸಭೆಯು ಯಾರನ್ನೂ ಕಟ್ಟುಪಡಿಸುವುದಿಲ್ಲ.

ಲೂರ್ದ್ ಕ್ಷೇತ್ರದ ದರ್ಶನಗಳಿಗಿಂತ 12 ವರ್ಷ ಹಳೆಯದಾದರೂ, ಲಾ ಸಲೆಟ್ ಅಷ್ಟೊಂದು ಪ್ರಸಿದ್ಧವಾಗಲಿಲ್ಲ. ಆದರೂ ಅದರ ಹೆಸರು ಕಡಲನ್ನು ದಾಟಿತು. ಬೇಸಗೆಯಲ್ಲಿ ಕೊಡೈಕನಾಲಿಗೆ ಹೋಗಿಬರುವ ನಮ್ಮ ಕುಟುಂಬಗಳು ಅಲ್ಲಿಯ ಗುಡ್ಡದ ಮೇಲೆ ಇದೇ ಮಾತೆಯ ಹೆಸರಿನ ದೇವಾಲಯವನ್ನು ಕಂಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಕಟ್ಟಿಸಿದ್ದು ಅದು.

ಬೆಟ್ಟವು ಬೆಳಗಿತು. ಮಕ್ಕಳ ಬಾಳು ಬೆಳಗಲಿಲ್ಲ. ದೊಡ್ಡವರ ಪ್ರಶ್ನೆ, ಪಾಟೀಸವಾಲು, ಹೊಗಳಿಕೆ, ಗುಮಾನಿಗಳ ನಡುವೆ ಬೆಳೆದ ಇಬ್ಬರೂ ಎಲ್ಲಿಯೂ ನೆಲೆಯೂರದಾದರು. ಮೆಲಾನಿಯು ಕನ್ಯಾಮಠಗಳಲ್ಲಿದ್ದು, ಇಂಗ್ಲೆಂಡಿಗೆ ಹೋಗಿ, ಇಟಲಿಯಲ್ಲಿ ಅಲೆದು, 1904ರ ಡಿಸೆಂಬರಿನಲ್ಲಿ ಆಲ್ತಮೂರ ಎಂಬ ಊರಿನಲ್ಲಿ ತೀರಿಕೊಂಡಳು. ಮಾತೆಯು ತನಗೆ ಹೇಳಿದ ರಹಸ್ಯವೆಂದು ಅವಳು 1879ರಲ್ಲಿ ಪ್ರಕಟಿಸಿದ ಪುಸ್ತಿಕೆಯನ್ನು ರೋಮ್ 1923ರಲ್ಲಿ ನಿಷೇಧಿಸಿತು. ಮಾಕ್ಸಿಮೆಯು ಪಾದ್ರಿಯಾಗಲು ಹೊರಟು ಆಗಲಿಲ್ಲ. ವೈದ್ಯವನ್ನು ಕಲಿಯಲು ತೊಡಗಿ ಮುಗಿಸಲಿಲ್ಲ. ಪೋಪರ ಸೈನ್ಯದಲ್ಲಿ ಕೆಲವು ತಿಂಗಳಿದ್ದನು. ಮದ್ಯದ ವ್ಯಾಪಾರದಲ್ಲಿ ಪಾಲುಗಾರನಾಗಿ ಅದರಲ್ಲಿಯೂ ಕೈಸುಟ್ಟುಕೊಂಡನು. ಟೀಕಿಸುವವರಿಗೆ ಇದಕ್ಕಿಂತ ಬೇರೆ ಬೇಕಾಗಲಿಲ್ಲ. ಆದರೆ ಬಡತನದಲ್ಲಿಯೂ, ನಗೆಪಾಟಲಿನಲ್ಲಿಯೂ, ತಾನು ಕಂಡೆನೆಂದದ್ದನ್ನು ಅವನು ಕೊನೆಯವರೆಗೆ ಬಿಟ್ಟುಕೊಡಲಿಲ್ಲ. 1875ರ ಮಾರ್ಚ್ 1ರಂದು, 39ನೆಯ ವಯಸ್ಸಿನಲ್ಲಿ, ಹುಟ್ಟಿದೂರಿನಲ್ಲಿಯೇ ಸತ್ತನು.

ಸಂಜೆ ಬೆಟ್ಟದ ಮೇಲೆ ಯಾತ್ರಿಕರು ಮೋಂಬತ್ತಿಗಳನ್ನು ಹಿಡಿದು ಮೆರವಣಿಗೆ ಹೊರಡುತ್ತಾರೆ. ಬೆಳಗ್ಗೆ ಪ್ರತಿಮೆಯ ಬಳಿಯ ಚಿಲುಮೆಯಿಂದ ಸೀಸೆಗಳಲ್ಲಿ ನೀರು ತುಂಬಿಕೊಂಡು ಕೆಳಗಿಳಿಯುತ್ತಾರೆ. ಮೊದಲು ಆಗಾಗ ಬತ್ತುತ್ತಿದ್ದ ಈ ಚಿಲುಮೆಯು ಆ ದಿನದಿಂದೀಚೆಗೆ ಬತ್ತಿಲ್ಲವೆಂದು ಪ್ರತೀತಿ. ಮಾಕ್ಸಿಮೆಯ ಹೃದಯವನ್ನು ಮೇಲಿನ ದೇವಾಲಯದಲ್ಲಿ ಇರಿಸಿದ್ದಾರೆ. ದೇಹವು ಕೆಳಗೆ ಕೋರ್ ಊರಿನ ಸ್ಮಶಾನದಲ್ಲಿದೆ. ತಂದೆಯು ಅವನಿಗೆ ರೊಟ್ಟಿಯನ್ನು ಮುರಿದು ಕೊಟ್ಟ ಜಾಗವು ಅಲ್ಲಿಂದ ಅರ್ಧ ಗಂಟೆಯ ನಡಿಗೆ.