ಚಕ್ರ ಹುಡುಗಿಯರ ಕೈಗೂ ಸಿಗಲಿ



ಕಳೆದ ಶನಿವಾರ ಆಟದ ಪೀರಿಯಡ್ಡಿನಲ್ಲಿ ನಾನು ಚಕ್ರ ಎಸೆಯೋಕೆ ಹೋದೆ. ನಮ್ಮ ತರಗತಿಯ ಹುಡುಗರು "ಇದು ಹುಡುಗೀರ ಆಟ ಅಲ್ಲ, ಹೋಗಿ ಸ್ಕಿಪ್ಪಿಂಗ್ ಆಡು" ಅಂತ ನಕ್ಕರು. ಮನೇಲಿ ಹೇಳಿದರೆ ಅಜ್ಜಿಯೂ "ನಾಳೆ ಮದುವೆಯಾಗಿ ಹೋಗೋಳಿಗೆ ಇದೆಲ್ಲ ಯಾಕೆ?" ಅಂದರು. ಇವರೆಲ್ಲರಿಗೂ ನಾನು ಹೇಳುವುದು ಒಂದೇ ಹೆಸರು, ಕೃಷ್ಣಾ ಪೂನಿಯಾ.

ಇವರು ಹುಟ್ಟಿದ್ದು 1977ರಲ್ಲಿ, ಹರಿಯಾಣದಲ್ಲಿ. ಮದುವೆಯಾಗಿ ರಾಜಸ್ಥಾನದ ಚುರು ಜಿಲ್ಲೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದರು. ಮಗ ಹುಟ್ಟಿದ. ನಮ್ಮ ಕಡೆ ಆಗಿದ್ದರೆ ಆಟ ಅಲ್ಲಿಗೇ ಮುಗೀತಿತ್ತು. ಆದರೆ ಅವರ ಗಂಡ ವೀರೇಂದರ್ ಪೂನಿಯಾ ಅವರೇ ತರಬೇತಿ ಕೊಟ್ಟರು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಕೃಷ್ಣಾ ಅವರಿಗೆ ಕಂಚು ಬಂತು. 2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ 61.51 ಮೀಟರ್ ಎಸೆದು ಚಿನ್ನ ಗೆದ್ದರು. ನಾಲ್ಕು ಕಬಡ್ಡಿ ಅಂಕಣ ಉದ್ದಕ್ಕೆ ಜೋಡಿಸಿದರೂ ಅವರ ಚಕ್ರ ಆಚೆಗೇ ಬೀಳುತ್ತೆ! ಬೆಳ್ಳಿ, ಕಂಚು ಕೂಡ ನಮ್ಮ ದೇಶದ ಹರ್ವಂತ್ ಕೌರ್ ಮತ್ತು ಸೀಮಾ ಅಂತಿಲ್ ಅವರಿಗೇ ಸಿಕ್ಕಿತು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ 52 ವರ್ಷ ಚಿನ್ನ ಬಂದಿರಲಿಲ್ಲ. ಅದನ್ನು ತಂದವರು 33 ವರ್ಷದ ಒಬ್ಬ ತಾಯಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ 63.62 ಮೀಟರ್ ಎಸೆದರು. ಪದಕ ಬರಲಿಲ್ಲ, ಆದರೆ ದೆಹಲಿಗಿಂತ ದೂರ ಎಸೆದರು.

ಹುಡುಗಿಯರಿಗೆ ಶಕ್ತಿ ಸಾಲದು ಅನ್ನೋದು ತಪ್ಪು. ಹೆಂಗಸರ ಚಕ್ರದ ತೂಕ 1 ಕಿಲೋ, ಗಂಡಸರದ್ದು 2 ಕಿಲೋ. ನಾವು ದಿನಾ ಬೆಳಿಗ್ಗೆ ಹೊರುವ ಕೊಡ ಅದಕ್ಕಿಂತ ಎಷ್ಟೋ ಭಾರ. ಅದೂ ಅಲ್ಲದೆ ಚಕ್ರ ಬರೀ ತೋಳಿನಿಂದ ಹೋಗಲ್ಲ. 2.5 ಮೀಟರ್ ಅಗಲದ ವೃತ್ತದೊಳಗೆ ಗಿರ್ರನೆ ತಿರುಗಿ, ಕಾಲು ಮತ್ತು ಸೊಂಟದ ಬಲ ಸೇರಿಸಿ ಎಸೀಬೇಕು. ಅದು ಕಲಿತರೆ ಬರೋ ವಿದ್ಯೆ.

ಚಕ್ರ ಯಾರಿಗಾದರೂ ತಗುಲಿದರೆ ಅಪಾಯ ಅನ್ನೋ ಮಾತು ನಿಜ. ಅದಕ್ಕೆ ಹಗ್ಗ ಕಟ್ಟೋಣ, ಎಲ್ಲರೂ ಹಗ್ಗದ ಹಿಂದೆ ನಿಲ್ಲೋಣ. ಆ ಅಪಾಯ ಹುಡುಗರು ಎಸೆದರೂ ಇದ್ದೇ ಇದೆಯಲ್ಲ!

ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಶನಿವಾರ ಬೀರುವಿನಿಂದ ಚಕ್ರ ತೆಗೆದಾಗ ಅರ್ಧ ಗಂಟೆ ನಮಗೂ ಕೊಡಿ, ತಿರುಗೋದು ಹೇಗೆ ಅಂತ ಹೇಳಿಕೊಡಿ. ಆವತ್ತು ನಾನು ಎಸೆದದ್ದು ಬರೀ 11 ಹೆಜ್ಜೆ. ನಗುವವರು ನಗಲಿ. ಮುಂದಿನ ಕ್ರೀಡಾಕೂಟದ ಹೊತ್ತಿಗೆ ಅವರೇ ಟೇಪು ಹಿಡಿದು ಅಳೀಲಿ.