ಲೆಕ್ಕದ ಪುಸ್ತಕವೂ ನೀರುಪಾಲಾದಾಗ

2015ರ ಡಿಸೆಂಬರ್‌ನಲ್ಲಿ ಚೆನ್ನೈ ನಗರ ನೆರೆಯಲ್ಲಿ ಮುಳುಗಿದಾಗ ಎರಡು ಬಗೆಯ ಉದ್ಯಮಗಳ ಎರಡು ಬಗೆಯ ಗತಿಯನ್ನು ದೇಶ ನೋಡಿತು. ಮಾಹಿತಿ ತಂತ್ರಜ್ಞಾನದ ದೊಡ್ಡ ಕಂಪೆನಿಗಳು ತಮ್ಮ ನೌಕರರಲ್ಲಿ ಅನೇಕರನ್ನು ಬೆಂಗಳೂರು ಮುಂತಾದ ನಗರಗಳ ಕಚೇರಿಗಳಿಗೆ ಕಳುಹಿಸಿ ಕೆಲಸ ಮುಂದುವರಿಸಿದವು. ಅಂಬತ್ತೂರು, ಗಿಂಡಿಯಂಥ ಕೈಗಾರಿಕಾ ವಸಾಹತುಗಳ ಸಣ್ಣ ಘಟಕಗಳವರು ಕೆಸರು ತುಂಬಿದ ಯಂತ್ರಗಳ ಮುಂದೆ ನಿಂತಿದ್ದರು. ಮಳೆಯಂತೂ ಇಬ್ಬರ ಮೇಲೂ ಸುರಿದಿತ್ತು. ವ್ಯತ್ಯಾಸವೆಲ್ಲ ಹಣದ್ದು ಎಂದು ಹೇಳಿ ಮಾತು ಮುಗಿಸಬಹುದು. ಹಣದ ಪಾತ್ರ ಇಲ್ಲವೆಂದಲ್ಲ. ಆದರೆ ಕಚೇರಿ ಮುಚ್ಚಿದರೆ ಯಾರು ಎಲ್ಲಿಂದ ಕೆಲಸ ಮಾಡಬೇಕು, ದಾಖಲೆಗಳ ಇನ್ನೊಂದು ಪ್ರತಿ ಎಲ್ಲಿದೆ, ಗ್ರಾಹಕರಿಗೆ ಯಾರು ತಿಳಿಸಬೇಕು ಎಂಬುದನ್ನು ಆ ಕಂಪೆನಿಗಳು ಮಳೆಗೆ ಮೊದಲೇ ಬರೆದಿಟ್ಟುಕೊಂಡಿದ್ದವು. ಇಷ್ಟನ್ನು ಬರೆದಿಡಲು ಕೋಟಿಗಟ್ಟಲೆ ಬಂಡವಾಳ ಬೇಕೇ?

ಕರ್ನಾಟಕವೂ ಇದರಿಂದ ದೂರವಿಲ್ಲ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ರಸ್ತೆಗಳು ಹೊಳೆಗಳಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಗೋಕಾಕ ಪಟ್ಟಣವನ್ನು ಹೊಕ್ಕಿತು. ಇನ್ನು ಪೇಟೆಯ ಅಂಗಡಿಗಳಿಗೆ ಬೆಂಕಿ ಬೀಳಲು ಮಳೆಗಾಲವೇ ಬರಬೇಕೆಂದಿಲ್ಲ, ಹಳೆಯ ವಿದ್ಯುತ್ ತಂತಿಯೊಂದು ಸಾಕು.

ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಯಂ ಉದ್ಯೋಗವನ್ನು ಹೆಚ್ಚು ಅವಲಂಬಿಸಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಬಟ್ಟೆ, ಪಾದರಕ್ಷೆ, ದಿನಸಿ, ಗುಜರಿ, ಗ್ಯಾರೇಜು, ಬೇಕರಿ ಇವೇ ನಮ್ಮ ಪಟ್ಟಣಗಳ ಅನೇಕ ಮನೆಗಳ ಒಲೆ ಉರಿಸುತ್ತಿರುವುದು. ಅಂಗಡಿ ಮುಳುಗಿದರೆ ಸರಕಾರ ಕೊಡುತ್ತದೆಯೆಂಬ ನಿರೀಕ್ಷೆಗೂ ಆಧಾರ ಕಡಿಮೆ. ವಿಪತ್ತು ಪರಿಹಾರ ನಿಧಿಯ ಮಾನದಂಡಗಳಲ್ಲಿ ಮನೆಯಿದೆ, ಬೆಳೆಯಿದೆ, ಜಾನುವಾರುಗಳಿವೆ, ಮೀನುಗಾರರ ದೋಣಿ ಮತ್ತು ಬಲೆಗಳಿವೆ, ನೇಕಾರರ ಹಾಗೂ ಕುಶಲಕರ್ಮಿಗಳ ಉಪಕರಣಗಳಿವೆ. ಅಂಗಡಿಯಲ್ಲಿ ಪೇರಿಸಿಟ್ಟ ಸರಕಿಗೆ ಅಲ್ಲಿ ಜಾಗವಿಲ್ಲ. ಹೀಗಾಗಿ ಉಳಿಯುವುದು ಶುಕ್ರವಾರದ ನಮಾಝಿನ ಬಳಿಕದ ವಸೂಲಿ. ನಿನ್ನೆಯ ವರೆಗೆ ಝಕಾತ್ ನೀಡುತ್ತಿದ್ದವನು ಇಂದು ಅದನ್ನು ಪಡೆಯುವವರ ಸಾಲಿನಲ್ಲಿ ನಿಲ್ಲುತ್ತಾನೆ. ನೆರವಾಗುವವರ ಪ್ರಾಮಾಣಿಕತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಆ ಹಣ ಮನೆಯ ಅಕ್ಕಿಗೆ ಸಾಲಬಹುದು, ಅಂಗಡಿಯ ಮರುಆರಂಭಕ್ಕೆ ಸಾಲದು.

ನಿಜವಾಗಿ ಸಣ್ಣ ವ್ಯಾಪಾರಿಯ ದೊಡ್ಡ ಆಸ್ತಿ ಎಷ್ಟೋ ಬಾರಿ ಸರಕಲ್ಲ, ಉದ್ರಿ ಪುಸ್ತಕ. ಯಾರು ಎಷ್ಟು ಕೊಡಬೇಕು, ತಾನು ಯಾವ ಸಗಟು ವ್ಯಾಪಾರಿಗೆ ಎಷ್ಟು ಬಾಕಿ ಎಂಬುದೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕದ ಆ ಒಂದು ಪುಸ್ತಕದಲ್ಲಿರುತ್ತದೆ. ನೆರೆ ಇಳಿದ ಮೇಲೆ ಕೊಡಬೇಕಾದವನಿಗೆ ನೆನಪು ಮಂಕಾಗುತ್ತದೆ, ಪಡೆಯಬೇಕಾದವನಿಗೆ ಚುರುಕಾಗುತ್ತದೆ! ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಮೊತ್ತ ಚಿಕ್ಕದೆಂದು ಬರೆಯಲು ಉದಾಸೀನ ತೋರುವುದನ್ನೂ ಅದು ಒಪ್ಪುವುದಿಲ್ಲ. ಅದನ್ನು ಪಾರಾಯಣ ಮಾಡುವ ನಾವು ಆ ಬರಹದ ಎರಡನೇ ಪ್ರತಿಯೊಂದನ್ನು ಮನೆಯಲ್ಲೋ ಬೇರೆ ಊರಿನ ತಮ್ಮನ ಬಳಿಯೋ ಇಟ್ಟಿದ್ದೇವೆಯೇ? ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದು ಕಳುಹಿಸಿದರೂ ಆದೀತು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಅದೇ ಮೇಜಿನ ಖಾನೆಯಲ್ಲಿಟ್ಟರೆ ಎರಡೂ ಒಟ್ಟಿಗೇ ಉರಿಯುತ್ತವೆ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಜಿಎಸ್‌ಟಿ ನೋಂದಣಿ ಇರುವವರ ಖರೀದಿಯ ವಿವರ ಪೋರ್ಟಲ್‌ನಲ್ಲಿ ಸಿಗುತ್ತದೆ. ಆದರೆ ಅದನ್ನು ತೆರೆಯುವ ಒಟಿಪಿ ಬರುವ ಮೊಬೈಲೇ ನೀರಿಗೆ ಬಿದ್ದಿದ್ದರೆ? ನೋಂದಣಿಯೇ ಇಲ್ಲದ ಸಣ್ಣ ಅಂಗಡಿಯವನಿಗಂತೂ ಬಿಲ್ಲುಗಳ ಹೊರತು ಬೇರೆ ಸಾಕ್ಷ್ಯವಿಲ್ಲ.

2020 ಮತ್ತು 2021ರ ಕೋವಿಡ್ ಇನ್ನೊಂದು ಸತ್ಯವನ್ನು ಬಯಲು ಮಾಡಿತು. ಅಂಗಡಿ ಹಾಗೆಯೇ ಇತ್ತು, ಸರಕೂ ಇತ್ತು, ಯಜಮಾನ ಇರಲಿಲ್ಲ. ಬ್ಯಾಂಕ್ ಖಾತೆ, ಬಾಡಿಗೆಯ ಮುಂಗಡ, ಪಾಲುದಾರನೊಂದಿಗಿನ ಬಾಯಿಮಾತಿನ ಒಪ್ಪಂದ ಎಲ್ಲವೂ ಒಬ್ಬನ ತಲೆಯೊಳಗಿದ್ದವು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಪತ್ನಿಗೆ ಅಂಗಡಿಯ ಸಾಲವೆಷ್ಟೆಂದು ತಿಳಿಯುವುದು ಜನಾಝಾದ ಬಳಿಕ ಮನೆಗೆ ಬಂದವರಿಂದ! ಇದಕ್ಕೆ ಮರ್ಯಾದೆಯ ಹೆಸರು ಕೊಡುವುದು ಸರಿಯಲ್ಲ. ಖದೀಜಾ(ರ) ಅವರು ಸ್ವತಃ ವ್ಯಾಪಾರಿಯಾಗಿದ್ದರೆಂದು ಮಕ್ಕಳಿಗೆ ಕಲಿಸುವ ಮನೆಗಳಲ್ಲಿ ಮಡದಿಗೋ ಮಗಳಿಗೋ ಲೆಕ್ಕ ತೋರಿಸಲು ಏನು ಅಡ್ಡಿ?

ಇನ್ನು ವಿಮೆ. ಈ ಪ್ರಶ್ನೆ ಬಂದೊಡನೆ ನಮ್ಮಲ್ಲಿ ಅನೇಕರು ಮುಖ ತಿರುಗಿಸುತ್ತಾರೆ. ಅವರ ಅಳುಕು ನಿರಾಧಾರವಲ್ಲ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1985ರಲ್ಲಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ ಸಹಕಾರಿ ವಿಮೆಯನ್ನು ಸಮ್ಮತವೆಂದೂ ನಿರ್ಣಯಿಸಿತು. ಮಲೇಷಿಯಾ 1984ರಲ್ಲೇ ತಕಾಫುಲ್‌ಗಾಗಿ ಕಾನೂನು ಮಾಡಿತ್ತು. ನಮ್ಮ ಮಾರುಕಟ್ಟೆಯಲ್ಲಿ ಅಂಥ ವ್ಯವಸ್ಥೆ ಇಲ್ಲದಿರುವಾಗ, ಗಲಭೆಗಳ ಅನುಭವವನ್ನು ಮುಂದಿಟ್ಟು ಆಸ್ತಿಯ ವಿಮೆಗೆ ಅನಿವಾರ್ಯತೆಯ ನೆಲೆಯಲ್ಲಿ ಅವಕಾಶವಿದೆ ಎಂದ ವಿದ್ವಾಂಸರು ಭಾರತದಲ್ಲಿದ್ದಾರೆ. ಓದುಗರು ತಾವು ನಂಬುವ ಉಲಮಾಗಳನ್ನು ಕೇಳಿ ತೀರ್ಮಾನಿಸಲಿ. ಆದರೆ ಬೇಡವೆಂದು ತೀರ್ಮಾನಿಸಿದವರು ಬದಲಿಗೆ ಏನನ್ನು ಕಟ್ಟಿದ್ದಾರೆ? ಒಂಟೆಯನ್ನು ಕಟ್ಟಿದ ಬಳಿಕ ಭರವಸೆಯಿಡಲು ಹೇಳಿದ ಪ್ರವಾದಿ(ಸ)ರ ಅನುಯಾಯಿಗಳು ಹಗ್ಗವನ್ನೇ ಕೊಳ್ಳದೆ ಅದನ್ನು ತವಕ್ಕುಲ್ ಎನ್ನಲಾಗದು. ಒಂದು ಬೀದಿಯ ಐವತ್ತು ಅಂಗಡಿಗಳವರು ತಿಂಗಳಿಗಿಷ್ಟೆಂದು ಕೂಡಿಟ್ಟು, ನಿಯಮ ಬರೆದು, ಲೆಕ್ಕ ಪರಿಶೋಧನೆ ಮಾಡಿಸಿದರೆ ಅದು ಪರಸ್ಪರ ನೆರವಿನ ನಿಧಿಯಾಗುತ್ತದೆ. ಇಡೀ ಬೀದಿ ಮುಳುಗುವ ದಿನಕ್ಕೆ ಒಂದೇ ಬೀದಿಯ ನಿಧಿ ಸಾಲದು, ಬೇರೆ ಊರುಗಳೂ ಸೇರಬೇಕು.

ವಿಮೆ ಮಾಡಿಸುವವರಾದರೂ ಕಾಗದವನ್ನು ಓದುತ್ತಿದ್ದಾರೆಯೇ? ಐದು ಕೋಟಿ ರೂಪಾಯಿ ವರೆಗಿನ ಆಸ್ತಿಯ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಏಕರೂಪದ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ. ಬೆಂಕಿ, ನೆರೆ, ಭೂಕಂಪ, ಗಲಭೆಗಳು ಅದರ ವ್ಯಾಪ್ತಿಯಲ್ಲಿವೆ. ಅಂಗಡಿ ಮುಚ್ಚಿದ ದಿನಗಳ ಲಾಭನಷ್ಟಕ್ಕೆ ಬೇರೆಯೇ ಪಾಲಿಸಿ ಬೇಕು. ಕಂತು ಉಳಿಸಲು ಸರಕಿನ ಬೆಲೆಯನ್ನು ಕಡಿಮೆ ತೋರಿಸುವ ಚಾಳಿ ದುಬಾರಿಯಾದುದು. 20 ಲಕ್ಷದ ಸರಕನ್ನು 10 ಲಕ್ಷಕ್ಕೆ ವಿಮೆ ಮಾಡಿಸಿದವನಿಗೆ 6 ಲಕ್ಷ ನಷ್ಟವಾದರೆ ಸಿಗುವುದು ಸುಮಾರು 3 ಲಕ್ಷ. ಶೇ. 15ರ ವರೆಗಿನ ಕೊರತೆಗೆ ಮಾತ್ರ ರಿಯಾಯಿತಿಯಿದೆ. ನೆನೆದ ಸರಕನ್ನು ಸರ್ವೇಯರ್ ನೋಡುವ ಮೊದಲೇ ತಿಪ್ಪೆಗೆಸೆದರೆ ನಷ್ಟವನ್ನು ಸಾಬೀತುಪಡಿಸುವುದು ಕಷ್ಟ.

ಇಷ್ಟೆಲ್ಲ ಹೇಳಿದ್ದರಿಂದ ಆಡಳಿತದ ಹೊಣೆ ಕಳಚಿಕೊಳ್ಳುವುದಿಲ್ಲ. ರಾಜಕಾಲುವೆಗಳ ಮೇಲೆ ಕಟ್ಟಡ ಕಟ್ಟಲು ಬಿಟ್ಟವರು ಅಂಗಡಿಯವರಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರವು ಜಿಲ್ಲಾ ಯೋಜನೆಯನ್ನು ಪ್ರತಿವರ್ಷ ಪರಿಷ್ಕರಿಸಬೇಕು. ಅದರಲ್ಲಿ ನಮ್ಮ ಪೇಟೆಯ ಬೀದಿಗಳಿವೆಯೇ, ನೀರು ಏರುವ ಮುನ್ನ ಅಂಗಡಿಯವರಿಗೆ ಸೂಚನೆ ಕೊಡಬೇಕಾದವರು ಯಾರು, ಸರಕನ್ನು ಸಾಗಿಸಿಡಲು ಎತ್ತರದ ಸ್ಥಳ ಯಾವುದು ಎಂದು ವರ್ತಕರ ಸಂಘಗಳೂ ಜಮಾಅತ್ ಕಮಿಟಿಗಳೂ ಜೊತೆಯಾಗಿ ಮಳೆಗಾಲಕ್ಕೆ ಮೊದಲೇ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೇಳಬೇಕಾಗಿದೆ. ಪರಿಹಾರದ ಪಟ್ಟಿಗೆ ಅಂಗಡಿಯ ಸರಕನ್ನೂ ಸೇರಿಸುವಂತೆ ಒತ್ತಾಯಿಸುವ ಮನವಿಯನ್ನು ಅದೇ ದಿನ ಕೊಟ್ಟು ಬರಬಹುದು.